ಘತ್ತರಗಿಯ ದಾರ

ತೀರಿಕೊಂಡ ಗಂಡ ಅಂಬಾದಾಸನ ಬಲಗೈ ಒರೆಸುತ್ತಿದ್ದ ಸಕ್ಕುಬಾಯಿ ಮಣಿಕಟ್ಟಿನ ಹತ್ತಿರ ಬಂದು ತಡೆದಳು. ಘತ್ತರಗಿ ದೇವಿಯ ಗುಡಿಯಿಂದ ತಂದು ತಾನೇ ಕಟ್ಟಿದ್ದ ಕೆಂಪು ದಾರ ಅಲ್ಲಿರಲಿಲ್ಲ.

"ಕಾಂತಪ್ಪಣ್ಣಾ, ಇವರ ದಾರ ಎಲ್ಲಿ ಹೋತ್ರಿ?"

ಕಾಂತಪ್ಪನಿಗೆ ಗೊತ್ತಿತ್ತು. ೧೯೮೩ರಿಂದ ಈ ಇಪ್ಪತ್ತು ವರ್ಷ ಅಂಬಾದಾಸನ ಜೊತೆ ಒಂದೇ ಶೆಡ್ಡಿನಲ್ಲಿ ವಿಮಾನ ರಿಪೇರಿ ಮಾಡಿದವನು ಅವನು. ಆದರೆ ಕೊಂಢವಾ ಬಡಾವಣೆಯ ಆ ಎರಡು ಕೋಣೆಯ ಮನೆಯ ಬಾಗಿಲಲ್ಲೇ ಫ್ಲೈಯಿಂಗ್ ಕ್ಲಬ್ಬಿನ ಮ್ಯಾನೇಜರ್ ಬಾಳಕೃಷ್ಣ ನಿಂತಿದ್ದ. ಹೂವಿನ ಹಾರದ ಜೊತೆ ಒಂದು ಕಾಗದವನ್ನೂ ತಂದಿದ್ದ ಪುಣ್ಯಾತ್ಮ. ಸಣ್ಣ ವಿಮಾನ ನಾಳೆ ಸೊಲ್ಲಾಪುರಕ್ಕೆ ಹಾರಬೇಕು, ಅದರ ಆಟೋಪೈಲಟ್ ಸರಿ ಇದೆ ಎಂದು ಇನ್ನು ನೀವೇ ಸಹಿ ಹಾಕಬೇಕು ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದ್ದ. ಕಾಂತಪ್ಪನ ನಿವೃತ್ತಿಗೆ ಎಂಟು ತಿಂಗಳಿತ್ತು. ಯಾರ ಜೊತೆಗೂ ಜಗಳಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

*

ಹೋದ ಸೋಮವಾರ ಇಬ್ಬರೂ ಆ ವಿಮಾನದೊಳಗೆ ಕೂತು, ಹಾರುವ ಮುಂಚೆ ನೆಲದ ಮೇಲೆ ಮಾಡಬೇಕಾದ ಪರೀಕ್ಷೆ ಮಾಡಿದ್ದರು. ವಿಮಾನವನ್ನು ತಾನೇ ನಡೆಸುವ ಆಟೋಪೈಲಟ್ ಹಾಕಿ ಕೆಂಪು ಗುಂಡಿ ಒತ್ತಿದ ಕೂಡಲೇ ಯಂತ್ರ ಹಿಡಿಕೆಯನ್ನು ಬಿಟ್ಟುಬಿಡಬೇಕು. ಒಂಬತ್ತು ಸಲ ಬಿಟ್ಟಿತು. ಹತ್ತನೆಯ ಸಲ ಬಿಡಲಿಲ್ಲ.

ಹತ್ತರಲ್ಲಿ ಒಂದು ಸಲ ತಾನೇ ಎಂದ ಕಾಂತಪ್ಪ.

"ಆ ಒಂದು ಸಲ ಮ್ಯಾಲೆ ಇದ್ದಾಗ ಬಂದ್ರ? ಹೊಸಾ ಪೈಲಟ್ ಅದರ ಕೂಡ ಗುದ್ದಾಡ್ತಾನ. ಅಂವ ಮುಂದಕ್ಕ ದೂಡಿದಷ್ಟೂ ಅದು ಮೂತಿ ಎತ್ತತದ," ಎಂದ ಅಂಬಾದಾಸ.

ಆ ಯಂತ್ರಕ್ಕೆ ಕರೆಂಟು ಕೊಡುವ ಬ್ರೇಕರ್ ಗುಂಡಿಯನ್ನು ಅವನು ಹೊರಗೆಳೆದ. ಯಾರೂ ತಿರುಗಿ ಒಳಗೆ ಒತ್ತದ ಹಾಗೆ ಬಿಗಿಯಲು ಕೈಗೆ ಏನೂ ಸಿಗಲಿಲ್ಲ. ಮಣಿಕಟ್ಟಿನ ದಾರವನ್ನೇ ಹಲ್ಲಿನಿಂದ ಬಿಡಿಸಿ ಗುಂಡಿಯ ಕುತ್ತಿಗೆಗೆ ಸುತ್ತಿದ. ದೇವರ ದಾರಕ್ಕೆ ಬಾಳಕೃಷ್ಣನೂ ಕತ್ತರಿ ಹಾಕಲಾರ ಎಂದು ನಕ್ಕ. ಗುರುವಾರ ಎದೆ ಹಿಡಿದುಕೊಂಡು ಶೆಡ್ಡಿನಲ್ಲೇ ಕುಸಿದ.

*

"ಅದು ಇಲ್ಲದ ಇವರನ್ನ ಹೆಂಗ ಕಳಸ್ಲಿರಿ?" ಸಕ್ಕುಬಾಯಿ ಮತ್ತೆ ಕೇಳಿದಳು.

ವಿಮಾನದಲ್ಲಿದೆ ಎಂದರೆ ಸಾಕು, ಬಾಳಕೃಷ್ಣ ಕಾರು ಕಳಿಸಿ ಬಿಚ್ಚಿಸಿ ತರಿಸುತ್ತಾನೆ, ಗುಂಡಿ ತಿರುಗಿ ಒಳಗೆ ಹೋಗುತ್ತದೆ. ವಿಧವೆಗೆ ಉಪಕಾರ ಮಾಡಿದ ಹೆಸರೂ ಅವನಿಗೇ. ಕಾಂತಪ್ಪನಿಗೆ ಸಾಕಾಗಿ ಹೋಗಿತ್ತು. ಹೊರಗೆ ಹೋಗಿ ಆ ಸಹಿ ಗೀಚಿ, ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು.

ಅವನು ಹೆಣದ ಪಕ್ಕ ಕೂತ. ಅದೇ ಗುಡಿಯಿಂದ ಅದೇ ದಿನ ಸಕ್ಕುಬಾಯಿ ಅವನಿಗೂ ಒಂದು ದಾರ ತಂದಿದ್ದಳು. ತನ್ನ ಮಣಿಕಟ್ಟಿನ ಆ ದಾರವನ್ನು ಹಲ್ಲಿನಿಂದ ಬಿಡಿಸಿ ಗೆಳೆಯನ ಮಣಿಕಟ್ಟಿಗೆ ಕಟ್ಟತೊಡಗಿದ. ಸಕ್ಕುಬಾಯಿ ಅವನ ಮುಖ ನೋಡಿದಳು. ಗಂಟು ಸಡಿಲಾಗದಂತೆ ಬೆರಳಿಟ್ಟು ಒತ್ತಿ ಹಿಡಿದಳು.

ಚಟ್ಟ ಎತ್ತಿದಾಗ ಬಾಳಕೃಷ್ಣ ಪಕ್ಕದಲ್ಲೇ ನಡೆಯುತ್ತ ಕಾಗದದ ಮಾತು ತೆಗೆದ. ಆಗುವುದಿಲ್ಲ ಎಂದ ಕಾಂತಪ್ಪ, ಮರಾಠಿಯಲ್ಲಿ, ದನಿ ಏರಿಸದೆ. ಬಿದಿರು ಹಿಡಿದಿದ್ದ ಅವನ ಕಪ್ಪು ಕೈಯ ಮಣಿಕಟ್ಟಿನಲ್ಲಿ, ದಾರ ಇದ್ದ ಜಾಗದಲ್ಲಿ, ಬಿಸಿಲು ಕಾಣದ ಚರ್ಮ ಬೆಳ್ಳಗೆ ಸುತ್ತಿಕೊಂಡಿತ್ತು.