ಕುಸುಬಿ ಎಣ್ಣೆ ಕುಡಿದ ಕಾರು

ನಾನು ಬಸವನ ಬಾಗೇವಾಡಿಯಲ್ಲಿ ನಿಂತು ನನ್ನ ಕಾರಿನ ಬಾಗಿಲು ಹಾಕಿದರೆ, ಆ ಸದ್ದಿಗೆ ದೂರದ ಇಂಡಿ ಊರಿನ ತೋಟಗಳಲ್ಲಿ ನಿಂಬೆಹಣ್ಣುಗಳು ಉದುರುತ್ತವೆ. ಅಲ್ಲಿಯ ತೋಟದವರು ಫೋನ್ ಮಾಡಿ, “ಕಾಂತು ಅಣ್ಣಾ, ಇವತ್ತ ಕೂಲಿ ಮಂದಿ ಬಂದಿಲ್ಲ, ನಾಕ ಸಲ ಬಾಗಲಾ ಹಾಕ್ರಿ” ಎಂದು ಕೇಳಿಕೊಳ್ಳುತ್ತಾರೆ. ಗಾಳಿ ಆ ಕಡೆಗೆ ಬೀಸುತ್ತಿದ್ದರೆ ಎರಡೇ ಸಲ ಸಾಕು.

ಅಂಥ ಕಾರು ಅದು. ಮುದ್ದೇಬಿಹಾಳದ ವಕೀಲರೊಬ್ಬರಿಂದ ಕೊಂಡದ್ದು, ವಯಸ್ಸು ಮೂವತ್ತೈದು. ಗುಂಡಿ ಒತ್ತಿದರೆ ಗಾಜು ಇಳಿಯುವ ಕಾಲದ್ದಲ್ಲ. ಹಿಡಿಕೆ ಹಿಡಿದು ಗರಗರ ತಿರುಗಿಸಬೇಕು. ಈ ವರ್ಷ ನಾಲ್ಕು ಗಾಜಿಗೂ ನಾಲ್ಕು ಸ್ವಭಾವ ಬಂದುಬಿಟ್ಟಿತ್ತು. ಒಂದರ ಹಿಡಿಕೆ ಬೀಸುವ ಕಲ್ಲಿನಂತೆ ತಿರುಗುತ್ತಿತ್ತು, ಗಾಜು ಮಾತ್ರ ಕದಲುತ್ತಿರಲಿಲ್ಲ. ಇನ್ನೊಂದು ಎರಡು ಬೆರಳು ಇಳಿದು ಮುನಿಸಿಕೊಂಡು ನಿಲ್ಲುತ್ತಿತ್ತು. ಮೂರನೆಯದು ಸಿಂದಗಿಯಲ್ಲಿ ಗುಡುಗಿದರೆ ಮಾತ್ರ ಏರುತ್ತಿತ್ತು. ನಾಲ್ಕನೆಯದರ ಸುದ್ದಿ ಬಿಡಿ. ಹಿಂದಿನ ಎರಡು ಬಾಗಿಲುಗಳಂತೂ ಒಳಗಿನಿಂದ ತೆರೆಯುತ್ತಲೇ ಇರಲಿಲ್ಲ. ನಾನೇ ಇಳಿದು ಹೋಗಿ ಹೊರಗಿನಿಂದ ತೆಗೆಯುತ್ತಿದ್ದೆ. ಯಾರಾದರೂ ಯಾಕೆಂದು ಕೇಳಿದರೆ, “ಮಂತ್ರಿಗೋಳಿಗೂ ಹಿಂಗ ತಗೀತಾರ್ರಿ” ಎನ್ನುತ್ತಿದ್ದೆ.

ಈ ಕಾರಿನ ಜೀವ ಇದ್ದದ್ದು ಇಬ್ಬರ ಕೈಯಲ್ಲಿ. ಯಶೋಧಾ ಟೀಚರ್ ಮತ್ತು ಧರ್ಮರಾಜ ಸರ್. ಇಬ್ಬರೂ ಮಸೂತಿ ಊರಿನ ಶಾಲೆಯವರು. ದಿನಾ ಬಾಗೇವಾಡಿಯಿಂದ ಬಾಡಿಗೆ ಕೊಟ್ಟು ನನ್ನ ಕಾರಿನಲ್ಲೇ ಹೋಗಿ ಬರುವವರು. ಅವರು ಕೂತದ್ದನ್ನು ನೋಡಿ ಉಳಿದವರೂ ಕೂರುತ್ತಿದ್ದರು. ಅವರು ಇಳಿದರೆ ಕಾರು ನೇರ ಗುಜರಿಗೆ. ಗುಜರಿಯವನು ಆಗಲೇ ಎರಡು ಸಲ ಬಂದು, ಮದುವೆಗೆ ಹೆಣ್ಣು ನೋಡುವವನಂತೆ ಸುತ್ತ ತಿರುಗಿ ಹೋಗಿದ್ದ.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಧರ್ಮರಾಜ ಸರ್ ರಜೆ ಹಾಕಿದ್ದರು. ಶಾಲೆಯ ಮುಂದೆ ಕಾರು ನಿಲ್ಲಿಸಿ ನಾನು ಮಂತ್ರಿಗಳ ಸೇವೆಗೆ ಇಳಿದೆ. ಹಿಡಿಕೆ ಎತ್ತಿದೆ. ಹಿಡಿಕೆ ಬಂತು, ಬಾಗಿಲು ಬರಲಿಲ್ಲ. ಆ ಕಡೆ ಓಡಿದೆ. ಅಲ್ಲಿಯೂ ಅದೇ ಕಥೆ. ಗಾಜು ಇಳಿಸೋಣವೆಂದರೆ ಅದು ಒಲ್ಲೆನೆಂದಿತು. ಒಳಗೆ ಟೀಚರ್ ಬೆವರುತ್ತಿದ್ದರು, ಹೊರಗೆ ಇಡೀ ಶಾಲೆ ಪ್ರಾರ್ಥನೆಗೆ ಸಾಲಾಗಿ ನಿಂತಿತ್ತು. ನಾನು ಗುದ್ದಿದೆ, ಒದ್ದೆ, ಬೇಡಿಕೊಂಡೆ. ಕೊನೆಗೆ ಟೀಚರ್ ಸೀರೆಯ ನೆರಿಗೆ ಎತ್ತಿ ಹಿಡಿದು, ಮುಂದಿನ ಸೀಟನ್ನು ದಾಟಿ, ನನ್ನ ಬಾಗಿಲಿನಿಂದ ಹೊರಗೆ ಬಂದರು. ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಆಮೇಲೆ ಇಡೀ ಶಾಲೆ ಚಪ್ಪಾಳೆ ತಟ್ಟಿತು.

ಟೀಚರ್ ಸೆರಗು ಸರಿಮಾಡಿಕೊಂಡು ಹೇಳಿದರು: “ಕಾಂತು ಅವರ, ಇನ್ನ ಈ ಮಕ್ಕಳಿಗೆ ನಾ ಏನ್ ಶಿಸ್ತು ಕಲಿಸ್ಲಿ? ನಾಳೆ ನಾಡದ ಸೂಟಿ, ಸೋಮವಾರ ನಾಕೂ ಗ್ಲಾಸ್ ಒಂದ ಕೈಲೆ ಇಳೀಬೇಕು. ಬಾಗಲಾ ಒಳಗಿಂದ ತಗೀಬೇಕು. ಇಲ್ಲಾಂದ್ರ ನಾನೂ ಧರ್ಮರಾಜ ಸರೂ ಬಸ್ಸಿಗೆ.”

“ಸೋಮವಾರ ಯಾಕ್ರಿ ಟೀಚರ್, ನಾ ಮನಸ್ಸ ಮಾಡಿದ್ರ ಇವತ್ತ ಸಂಜಿಕೇ...”

“ಸೋಮವಾರ,” ಎಂದು ಹೇಳಿ ಒಳಗೆ ನಡೆದರು.

ಶನಿವಾರ, ಭಾನುವಾರ ಏನಾಯಿತೆಂಬುದನ್ನು ನಾನು ಸೋಮವಾರ ಕಾರಿನಲ್ಲಿ ಹೇಗೆ ಹೇಳಿದೆನೋ ಇಲ್ಲಿಯೂ ಹಾಗೇ ಹೇಳುತ್ತೇನೆ.

ಆ ದಿನ ಧರ್ಮರಾಜ ಸರ್ ಮುಂದೆ ಕೂತಿದ್ದರು. ಹಿಂದೆ ಯಶೋಧಾ ಟೀಚರ್. ಅವರ ಪಕ್ಕದಲ್ಲಿ ನಮ್ಮ ಅತ್ತೆ ಶೇವಂತೆವ್ವ. ನನ್ನ ಸೋದರಮಾವನ ಹೆಂಡತಿ, ನನಗೆ ಮಗಳನ್ನು ಕೊಟ್ಟವಳೂ ಅವಳೇ. ಯಂಕಂಚಿಯಿಂದ ಶುಕ್ರವಾರ ಸಂಜೆಯೇ ನಮ್ಮ ಮನೆಗೆ ಬಂದಿದ್ದಳು, ಮಸೂತಿಯಲ್ಲಿರುವ ತಂಗಿಯನ್ನು ನೋಡಿಕೊಂಡು ಹೋಗುವವಳಿದ್ದಳು. ತೊಡೆಯ ಮೇಲೆ ಮಡಿಸಿದ ಕಂಬಳಿ. ಎಲ್ಲಿಗೆ ಹೋದರೂ ಅದು ಜೊತೆಗಿರಬೇಕು. ಕಾರು ಹತ್ತುವ ಮೊದಲೇ ನಾನು ಅವಳಿಂದ ಮಾತು ತೆಗೆದುಕೊಂಡಿದ್ದೆ: ಏನೇ ಆಗಲಿ, ದಾರಿಯಲ್ಲಿ ತುಟಿ ಬಿಚ್ಚಬಾರದು.

“ಟೀಚರ್, ಹಿಡಿಕಿ ತಿರುವ್ರಿ,” ಎಂದೆ.

ಟೀಚರ್ ಎರಡು ಬೆರಳಲ್ಲಿ ಹಿಡಿದು ತಿರುವಿದರು. ಗಾಜು ಸದ್ದಿಲ್ಲದೆ ಇಳಿಯಿತು. ಮತ್ತೆ ತಿರುವಿದರು, ಏರಿತು. ಇಳಿಸಿದರು, ಏರಿಸಿದರು. ಗಾಳಿ ಬಂದು ಅವರ ಮುಂಗೂದಲು ಹಾರಿತು. “ಅಯ್ಯ! ನೀರಿನ್ಯಾಗ ಜಾರಿದಂಗ ಜಾರಾಕತ್ತೈತಲ್ರಿ!”

“ಹೆಂಗ ಮಾಡಿದ್ರೋ ಮಾರಾಯ?” ಎಂದರು ಧರ್ಮರಾಜ ಸರ್.

ಇನ್ನು ನನ್ನನ್ನು ಹಿಡಿಯುವವರು ಯಾರು? “ಸರ್, ನಾಕೂ ಬಾಗಲಾ ಒಂದ ತಾಸಿನ್ಯಾಗ ಬಿಚ್ಚಿದ್ನಿರಿ. ಕಣ್ಣಿಗೆ ಬಟ್ಟಿ ಕಟ್ಟಿಕೊಂಡು. ಯಾಕಂದ್ರ ಕಣ್ಣ ತಗದ ನೋಡಿದ್ರ ಕೈಗೆ ಗರ್ವ ಬರ್ತೈತಿ. ನೂರಾ ಎಂಬತ್ತ ಸ್ಕ್ರೂ, ಒಂದೂ ಕಳೀಲಿಲ್ಲ. ಬಿಜಾಪುರದಿಂದ ಇಬ್ಬರು ಮಿಸ್ತ್ರಿಗೋಳು ಬಂದು ಕಾಲ ಹಿಡದ್ರು, ‘ಗುರುಗಳ, ನಮಗೂ ಕಲಸ್ರಿ’ ಅಂತ. ಎದ್ದ ಹೋಗ್ರಿ ಅಂದೆ.”

ಕನ್ನಡಿಯಲ್ಲಿ ನೋಡಿದೆ. ಅತ್ತೆ ಹೊರಗಿನ ಜೋಳದ ಹೊಲಗಳನ್ನು ನೋಡುತ್ತ ಕೂತಿದ್ದಳು. ತುಟಿ ಬಿಗಿಯಾಗಿತ್ತು. ಮಾತಿಗೆ ತಪ್ಪುವವಳಲ್ಲ.

ಆದರೆ ಟೀಚರ್ ಗಾಜು ಜಾರುವ ಸಂದಿಯಲ್ಲಿ ಬೆರಳಾಡಿಸುತ್ತಿದ್ದರು. ಅಲ್ಲಿ ಮೊದಲಿದ್ದ ಹಳೇ ಪಟ್ಟಿ ಇರಲಿಲ್ಲ. ಕಪ್ಪು ಉಣ್ಣೆ ಇತ್ತು, ಅದರ ನಡುವೆ ಬಿಳಿ ದಾರದ ಒಂದು ಗೆರೆ. ಅವರು ಬಗ್ಗಿ ನೋಡಿದರು. ಆಮೇಲೆ ಪಕ್ಕದ ತೊಡೆಯ ಮೇಲಿದ್ದ ಕಂಬಳಿಯನ್ನು ನೋಡಿದರು. ಅದೇ ಕಪ್ಪು. ಒಂದು ಬದಿಗೆ ಬಿಳಿ ಗೆರೆಯ ಅಂಚು. ಇನ್ನೊಂದು ಬದಿಯ ಅಂಚನ್ನು ಉದ್ದಕ್ಕೂ ಕತ್ತರಿಸಿ ತೆಗೆದಿತ್ತು, ಕತ್ತರಿಸಿದ ಕಡೆ ಹೊಸ ಹೊಲಿಗೆ ಹಾಕಿತ್ತು.

“ಯವ್ವಾ, ನಿಮ್ಮ ಕಂಬಳಿ ಅಂಚ ಎಲ್ಲಿ ಹೋತರಿ?”

ಅತ್ತೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಅಷ್ಟೇ.

“ಕಾಂತು ಅವರ,” ಟೀಚರ್ ದನಿ ತಗ್ಗಿಸಿದರು. ತರಗತಿಯಲ್ಲಿ ಕಾಪಿ ಹೊಡೆದವನನ್ನು ಕರೆಯುವ ದನಿ ಅದು. “ಗಾಡಿ ಬಾಜೂಕ ಹಚ್ರಿ. ಈಗ ಖರೇ ಹೇಳ್ರಿ.”

ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಹೇಳಿದೆ.

ಬಿಚ್ಚಿದ್ದು ಅತ್ತೆ. ಕಾರಿನ ಬಾಗಿಲಿನ ಒಳಗನ್ನು ಅವಳು ಹುಟ್ಟಿದಾಗಿನಿಂದ ಕಂಡವಳಲ್ಲ. ಶನಿವಾರ ಬೆಳಿಗ್ಗೆ ನಾನು ಗಾಜಿಗೆ ಗುದ್ದುತ್ತಿದ್ದುದನ್ನು ನೋಡಿ ಬಂದು, ನನ್ನನ್ನು ಸರಿಸಿ, ಬಾಗಿಲಿಗೆ ಕಿವಿ ಹಚ್ಚಿದಳು. ಹಿಡಿಕೆಯನ್ನು ಮೆಲ್ಲಗೆ ಒಂದೊಂದೇ ಸುತ್ತು ತಿರುವಿದಳು. ಎಲ್ಲಿ ಬಿಗಿಯಾಯಿತೋ ಅಲ್ಲಿ ಗಾಜಿನ ಮೇಲೆ ಸುಣ್ಣದಿಂದ ಗುರುತು ಹಾಕಿದಳು. “ಮಗ್ಗಾನೂ ಹಿಂಗ ಹಿಡೀತೈತಿ. ಗುದ್ದಿದ್ರ ನೂಲ ಹರೀತೈತಿ, ಬಿಗಿ ಸಡಲೂದಿಲ್ಲ,” ಎಂದಳು. ಬಿಳೇ ಧೋತರ ಹಾಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಳು. ಕಳೆಯದಿದ್ದುದು ನಿಜ. ಆದರೆ ಅವು ನೂರಾ ಎಂಬತ್ತಲ್ಲ, ನಲವತ್ತು ಇದ್ದಿರಬಹುದು. ಎಣಿಸಿದವಳೂ ಅವಳೇ.

ಗಾಜು ಜಾರುವ ಸಂದಿಯಿಂದ ಹಳೇ ಪಟ್ಟಿಯನ್ನು ಕಿತ್ತು, ಬೆರಳಲ್ಲಿ ಉಜ್ಜಿ ನೋಡಿ, “ಇದೂ ಉಣ್ಣೀನ ಅಲ್ಲೇನೋ? ಸತ್ತ ಹೋಗೈತಿ,” ಎಂದಳು. ನಾನು ಪೇಟೆಗೆ ಓಡಿ ಹೊಸ ಕಂಬಳಿ ತಂದೆ, ದೊಡ್ಡಸ್ತಿಕೆಗೆ. ಅದನ್ನು ನೋಡಿ ನಕ್ಕಳು. “ಹೊಸಾದು ಮೊದಲನೇ ಮಳೀಗೇ ಕುಗ್ಗತೈತಿ, ಗ್ಲಾಸ್ ಬಿಗಿ ಹಿಡೀತೈತಿ. ಹನ್ನೆರಡ ಮಳಿಗಾಲ ಕುರಿ ಹಿಂದ ನೆಂದದ್ದು ಬೇಕ.” ಹಾಗೆಂದು ತನ್ನ ಕಂಬಳಿಯನ್ನೇ ತೊಡೆಯ ಮೇಲೆ ಹರಡಿ, ಅಂಚಿಗೆ ಕತ್ತರಿ ಹಾಕಿದಳು. ಅದು ಅವಳ ಗಂಡ ಅಮಸಿದ್ದ ಮಾವ ನೇಯ್ದುಕೊಟ್ಟ ಕಂಬಳಿ. ಆ ಪಟ್ಟಿಯನ್ನು ಮಡಿಸಿ, ಸಂದಿಯೊಳಗೆ ಚಾಕುವಿನ ಬೆನ್ನಿನಿಂದ ಒತ್ತುತ್ತ ಹೋದಳು. ಎಲ್ಲಿಯೂ ಸುಕ್ಕಿಲ್ಲ, ಎಲ್ಲಿಯೂ ಗಂಟಿಲ್ಲ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನನ್ನ ಬಾಯಿ ಸುಮ್ಮನೆ ತೆರೆದುಕೊಂಡಿದ್ದು ಜೀವನದಲ್ಲಿ ಅದೊಂದೇ ಸಲ.

ಬೀಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿದಳು. “ಇದಕ್ಕ ಎಣ್ಣಿ ಬ್ಯಾಡ. ಒಣಾ ಇದ್ದು ಜಾರೂದು ಏನರ ಐತೇನು?” ಎಂದಾಗ ನನ್ನ ಹೆಂಡತಿ ರಾಜಶ್ರೀ ಪೆನ್ಸಿಲ್ಲಿನೊಳಗಿನ ಕಪ್ಪು ಕಡ್ಡಿಯನ್ನು ಅರೆದು ಪುಡಿ ಮಾಡಿಕೊಟ್ಟಳು. ಗಾಜು ಏರಿಸುವ ಹಲ್ಲಿನ ಚಕ್ರಕ್ಕೆ ಗ್ರೀಸು ಹಚ್ಚುವ ಕೆಲಸ ಮಾತ್ರ ನನಗೆ ಬಂತು. ಅಲ್ಲೂ ಕೈಮೇಲೆ ಏಟು ಬಿತ್ತು: “ಕಣ್ಣಿಗೆ ಕಾಡಿಗಿ ಹಚ್ಚಿದಂಗ ಹಚ್ಚೋ, ಎಮ್ಮಿ ಮೈಗೆ ಹಚ್ಚಿದಂಗಲ್ಲ.” ಉಳಿದಂತೆ ಎರಡು ದಿನ ನಾನು ಮಾಡಿದ್ದು ಗಾಜು ಎತ್ತಿ ಹಿಡಿದು ನಿಂತದ್ದು.

“ಅಂದ್ರ ನೀವು ಗೂಟ,” ಎಂದರು ಧರ್ಮರಾಜ ಸರ್.

“ಹೌದ್ರಿ ಸರ್. ಬಿಜಾಪುರದ ಮಿಸ್ತ್ರಿಗೋಳೂ ಬಂದಿಲ್ರಿ.”

ಟೀಚರ್ ಅತ್ತೆಯ ಕೈ ಹಿಡಿದುಕೊಂಡರು. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. “ಯವ್ವಾ, ಇಂಥಾ ಕಂಬಳಿ ಕೊಯ್ಯಾಕ ಮನಸ ಹೆಂಗ ಬಂತರಿ?”

“ಬಾಯಾರ, ಕಂಬಳಿ ಇರೂದು ಗಾಳಿ ಮಳಿ ತಡ್ಯಾಕ. ಅಲ್ಲೂ ಅದನ್ನ ಮಾಡತೈತಿ ಬಿಡ್ರಿ,” ಎಂದಳು ಅತ್ತೆ. ನಾನೇ ಬಾಯಿ ಬಿಟ್ಟ ಮೇಲೆ ಅವಳು ಕೊಟ್ಟ ಮಾತಿನ ಕಟ್ಟು ಮುಗಿದಿತ್ತಲ್ಲ. ಆಮೇಲೆ ಹಿಂದಿನಿಂದ ನನ್ನ ಹೆಗಲಿಗೆ ತಿವಿದಳು. “ಇನ್ನೊಂದ ಉಳದೈತಿ. ಅದನ್ನೂ ಹೇಳ.”

“ಯಾವದು?” ಎಂದರು ಟೀಚರ್.

ಇವರು ಬಸ್ಸಿಗೆ ಹೋಗುವುದಿದ್ದರೆ ಈಗಲೇ ಹೋಗುತ್ತಾರೆ ಅನ್ನಿಸಿತು. ಆದರೂ ಹೇಳಿದೆ. ಕಾರು ಹಳೆಯದಾಗಿ ಗಾಜು ಹಿಡಿದದ್ದಲ್ಲ. ವರ್ಷದ ಹಿಂದೆ ಒಂದು ಹಿಡಿಕೆ ಚೂರು ಬಿಗಿಯಾಗಿತ್ತು. ನಾನು ಅಡುಗೆಮನೆಯ ಕುಸುಬಿ ಎಣ್ಣೆ ತಂದು ಸುರಿದೆ. ಜಾರಿತು. ನನಗೆ ಹುರುಪು ಬಂತು. ಬೀಗಕ್ಕೂ ಸುರಿದೆ, ನಾಲ್ಕೂ ಗಾಜಿಗೆ ಸುರಿದೆ, ಬಿಗಿಯಾದಾಗಲೆಲ್ಲ ಸುರಿದೆ. ಕುಸುಬಿ ಎಣ್ಣೆ ಒಣಗಿದರೆ ಅಂಟಾಗುತ್ತದೆ. ಎಣ್ಣೆ ಡಬ್ಬಿಯ ಮುಚ್ಚಳ ತಿರುವಿ ಸೋತ ಯಾವ ಹೆಣ್ಣುಮಗಳಿಗಾದರೂ ಇದು ಗೊತ್ತು. ಅದರ ಮೇಲೆ ನಮ್ಮ ಎರೆಮಣ್ಣಿನ ಧೂಳು ಕೂತು ಗಚ್ಚು ಹಾಕಿದಂತಾಗಿತ್ತು. ಅತ್ತೆ ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ್ದೇ ತಡ, “ಇದು ನಮ್ಮ ಗಾಣದ ಎಣ್ಣಿ, ನಾ ಕಳಿಸಿದ್ದು!” ಎಂದು ಕೂಗಿದ್ದಳು. ಟೀಚರನ್ನು ಇಡೀ ಶಾಲೆಯ ಮುಂದೆ ಸೀಟು ದಾಟಿಸಿದವನು ನಾನೇ.

ಕಾರು ಮತ್ತೆ ಹೊರಡಿಸಿದೆ. ಮಸೂತಿ ಬಂತು. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು, ಎಲ್ಲರ ಕಣ್ಣೂ ಕಾರಿನ ಮೇಲೆ. ನಾನು ಇಳಿಯಲು ಹೋದೆ.

“ಕೂಡ್ರಿ,” ಎಂದರು ಟೀಚರ್. ಒಳಗಿನಿಂದ ತಾವೇ ಹಿಡಿಕೆ ಎಳೆದರು. ಬಾಗಿಲು ತೆರೆಯಿತು. ಇಳಿದು, ಬೆರಳ ತುದಿಯಿಂದ ದೂಡಿದರು. ಟಕ್ ಎಂದು ಕೂತಿತು.

“ನಾಳೆ ಎಂಟೂವರಿಗೆ ಬರ್ರಿ. ಬರೂ ಮುಂದ ಎಣ್ಣಿ ಡಬ್ಬಿ ರಾಜಶ್ರೀ ಕೈಯಾಗ ಕೊಟ್ಟ ಬರ್ರಿ.”

ಹಾಗಾಗಿ ಮೊದಲು ಹೇಳಿದ್ದನ್ನೂ ತಿದ್ದಿಬಿಡುತ್ತೇನೆ. ಆ ಬಾಗಿಲಿನ ಸದ್ದು ಈಗ ಪಕ್ಕದ ಮನೆಗೂ ಕೇಳುವುದಿಲ್ಲ. ಇಂಡಿಯಲ್ಲಿ ಹಿಂದೆಯೂ ಒಂದು ನಿಂಬೆಹಣ್ಣು ಉದುರಿರಲಿಲ್ಲ. ಫೋನ್ ಮಾಡುವಷ್ಟು ಪರಿಚಯದವರು ಅಲ್ಲಿ ನನಗೆ ಯಾರೂ ಇಲ್ಲ.