ಪಾಸ್ಕಲ್ ಪೊರ್ಬುಗಳ ಅಯಸ್ಕಾಂತ

ನಾನು ಒಂದು ಅಯಸ್ಕಾಂತ. ಅಂಗೈಯಗಲದ, ಕರಿ ಬಣ್ಣದ, ನಡುವೆ ತೂತಿರುವ ಬಿಲ್ಲೆ. ಕರಿದು ಸೀದುಹೋದ ಉದ್ದಿನ ವಡೆಯ ಹಾಗಿದ್ದೇನೆ ಎಂದು ಹೇಳುವವರಿದ್ದಾರೆ, ಹೇಳಲಿ. ನನ್ನ ಒಂದು ಅಂಚು ಒಡೆದಿದೆ. ಅದು ಒಡೆದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಹುಟ್ಟಿದ್ದು ಯಾವುದೋ ಊರಿನ ಕಾರ್ಖಾನೆಯಲ್ಲಿ. ಕರಿ ಪುಡಿಯನ್ನು ಅಚ್ಚಿಗೆ ಒತ್ತಿ, ಸುಟ್ಟು ನನ್ನನ್ನು ಮಾಡಿದರು. ಆಮೇಲೆ ತಂತಿಯ ಸುರುಳಿಯೊಳಗಿಟ್ಟು ಒಂದು ಕ್ಷಣ ವಿದ್ಯುತ್ ಹರಿಸಿದರು. ಅಂದಿನಿಂದ ಕಬ್ಬಿಣ ಕಂಡರೆ ಸುಮ್ಮನಿರಲಾಗದ ಸ್ವಭಾವ ಬಂತು. ಮೊದಲ ಕೆಲಸ ಒಂದು ಸ್ಪೀಕರಿನ ಬೆನ್ನಿಗೆ. ಮಂಗಳೂರಿನ ಜೆಪ್ಪುವಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರೊಬ್ಬರು ಆ ಸ್ಪೀಕರನ್ನು ಮದುವೆಗಳಿಗೂ ಸಭೆಗಳಿಗೂ ಹೊತ್ತೊಯ್ಯುತ್ತಿದ್ದರು. ಮೈಕಿನ ಮುಂದೆ ಜನ ಆಡುವ ಮಾತು ಒಂದು, ಮೈಕ್ ಆಫ್ ಆಯಿತೆಂದುಕೊಂಡು ಆಡುವ ಮಾತು ಇನ್ನೊಂದು. ಎರಡೂ ನನ್ನ ಮೈಯನ್ನು ಅಲುಗಿಸಿಯೇ ಹೋಗುತ್ತಿದ್ದವು. ಮನುಷ್ಯರ ಬಗ್ಗೆ ನನಗೆ ಸಂಶಯ ಹುಟ್ಟಿದ್ದು ಅಲ್ಲೇ.

ಸ್ಪೀಕರ್ ಹರಿದು ಗುಜರಿಗೆ ಹೋಯಿತು. ಗುಜರಿಯಿಂದ ನನ್ನನ್ನು ಬಿಡಿಸಿ ತಂದವರು ಪಾಸ್ಕಲ್ ಮಿನೇಜಸ್. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎಂದು ಕರೆಯುವ ವಾಡಿಕೆ. ಹಾಗಾಗಿ ಊರಿಗೆಲ್ಲ ಅವರು ಪಾಸ್ಕಲ್ ಪೊರ್ಬುಗಳು. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಒಂದು ಷೆಡ್ಡಿನಲ್ಲಿ ಅವರ ಗ್ಯಾರೇಜು. ಹಳೆಯ ಫಿಯೆಟ್ಟು, ಅಂಬಾಸಿಡರು ತಂದುಕೊಟ್ಟರೆ ಅದರ ಮೈಯನ್ನು ಕಳಚಿ, ತಗಡು ಬಡಿದು, ಜಗತ್ತಿನಲ್ಲಿ ಇನ್ನೊಂದಿಲ್ಲದ ಕಾರು ಮಾಡಿಕೊಡುತ್ತಿದ್ದರು. ಹಳೆ ಗಾಡಿಗಳ ಹುಚ್ಚಿನವರು ಅದಕ್ಕಾಗಿ ಕೇರಳದಿಂದಲೂ ಗೋವಾದಿಂದಲೂ ಬಂದು ವರ್ಷಗಟ್ಟಲೆ ಕಾಯುತ್ತಿದ್ದರು.

ಅವರಿಗೆ ನಾನು ಏಕೆ ಬೇಕಾಗಿತ್ತು ಎಂದು ಹೇಳಬೇಕು. ತಗಡು ಬಡಿಯುವಾಗ ತಗ್ಗು ಉಳಿದರೆ, ಹೆಚ್ಚಿನವರು ಅದರ ಮೇಲೆ ಪುಟ್ಟಿ ಎಂಬ ಪೇಸ್ಟು ಬಳಿದು, ಉಜ್ಜಿ, ಬಣ್ಣ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ. ಬಣ್ಣದಡಿ ತಗಡಿದ್ದರೆ ಹಿಡಿದುಕೊಳ್ಳುತ್ತೇನೆ, ದಪ್ಪ ಪುಟ್ಟಿಯಿದ್ದರೆ ಜಾರಿ ಬೀಳುತ್ತೇನೆ. ಪೊರ್ಬುಗಳ ಗಾಡಿಯಲ್ಲಿ ಪುಟ್ಟಿಯೇ ಇಲ್ಲ. ಹಳೆ ಬನಿಯನ್ ಬಟ್ಟೆಯಲ್ಲಿ ನನಗೊಂದು ಅಂಗಿ ಹೊಲಿದು, ಹುರಿ ಕಟ್ಟಿ, ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದ್ದರು. ಗಾಡಿ ಒಯ್ಯುವ ದಿನ ಮಾಲೀಕರ ಕೈಗೆ ನನ್ನನ್ನು ಕೊಟ್ಟು ಹೇಳುವುದು ಒಂದೇ ಮಾತು.

"ನೀವೇ ಹಿಡಿದು ನೋಡಿ. ಎಲ್ಲಿಯಾದರೂ ಬಿದ್ದರೆ ಗಾಡಿ ಇಲ್ಲೇ ಬಿಟ್ಟು ಹೋಗಿ."

ಮಾಲೀಕರು ನನ್ನನ್ನು ಗಾಡಿಯ ಮೈಮೇಲೆಲ್ಲ ಸರಿಸುತ್ತಿದ್ದರು. ನಾನು ಪ್ರತಿ ಸಲವೂ ಈ ಸಲ ಸಿಕ್ಕಿಬೀಳುತ್ತಾರೆ ಎಂದು ಕಾಯುತ್ತಿದ್ದೆ. ಕೆಲಸವೇ ಅದಲ್ಲವೇ. ನಲವತ್ತು ವರ್ಷ ಒಂದು ಸಲವೂ ಬೀಳಲಿಲ್ಲ. ಆಮೇಲೆ ಅವರು ಕೀಲಿಯನ್ನು ತಮ್ಮ ಕೈಯಾರೆ ಮಾಲೀಕರ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಮಡಚುತ್ತಿದ್ದರು. ಗಾಡಿ ಕೊಟ್ಟಂತೆ ಆಗುವುದು ಆಗಲೇ.

ಅವರ ಮಗಳು ಜೆಸಿಂತ. ಕೆಲಸ ಕಲಿತದ್ದು ಯಾವುದೋ ಕಂಪನಿಯ ಶೋರೂಮಿನಲ್ಲಿ, ಅಪಘಾತದ ಗಾಡಿಗಳನ್ನು ಸರಿಮಾಡುವ ಕಡೆ. ಅಲ್ಲಿ ಸುತ್ತಿಗೆಗಿಂತ ಪುಟ್ಟಿಯ ಡಬ್ಬಿಯೇ ಹೆಚ್ಚು ಓಡುವುದು. ಮೂರು ವರ್ಷ ಕಳೆದು ಅಪ್ಪನ ಷೆಡ್ಡಿಗೆ ಬಂದಾಗ, ಅವರು ಒಂದು ವರ್ಷ ಅವಳಿಗೆ ಸುತ್ತಿಗೆ ಮುಟ್ಟಲು ಬಿಡಲಿಲ್ಲ. ಬಿಟ್ಟ ಮೇಲೂ ಅವಳು ಊಟಕ್ಕೆ ಹೋದಾಗಲೆಲ್ಲ ನನ್ನನ್ನು ಮೊಳೆಯಿಂದ ತೆಗೆದು ಅವಳು ಬಡಿದ ತಗಡನ್ನು ಪರೀಕ್ಷಿಸುತ್ತಿದ್ದರು. ಅಪ್ಪ ಮಗಳನ್ನು ಸಂಶಯಿಸುವುದು ನನಗೆ ಖುಷಿಯೇ. ನನ್ನ ಜಾತಿಯವರು ಒಬ್ಬರು ಸಿಕ್ಕಿದಂತಾಯಿತು. ಆದರೆ ಅವಳ ತಗಡಿನಿಂದಲೂ ನಾನು ಬೀಳಲಿಲ್ಲ. ಅವರು ಅದನ್ನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.

ಕೊನೆಯ ಎರಡು ವರ್ಷ ಪೊರ್ಬುಗಳು ಜನ ಬಂದರೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು. ಹೆಸರು ಬಂದ ಮೇಲೆ ಜಂಬ ಬಂತು ಎಂದು ಬಂದವರು ಹೊರಗೆ ಹೋಗಿ ಆಡಿಕೊಳ್ಳುತ್ತಿದ್ದರು. ಜನ ಹೋದ ಮೇಲೆ ಜೇಬಿನಿಂದ ಹೊರಬಂದ ಆ ಕೈಗಳು ನಡುಗುತ್ತಿದ್ದುದನ್ನು ಮನೆಯವರ ಹೊರತು ನೋಡಿದ್ದು ನಾನೊಬ್ಬನೇ.

ಆಗಲೇ ಷೆಡ್ಡಿಗೆ ಬಂದದ್ದು ಮುಕುಂದ ಶೆಣೈ ಅವರ ಫಿಯೆಟ್ಟು. ಶೆಣೈಯವರು ವಿಮೆ ಕಂಪನಿಗೆ ಅಪಘಾತದ ಗಾಡಿಗಳನ್ನು ತಪಾಸಣೆ ಮಾಡಿಕೊಟ್ಟು ನಿವೃತ್ತರಾದವರು. ಮೂವತ್ತು ವರ್ಷ ಜನರ ಸುಳ್ಳು ಕೇಳಿ ಕೇಳಿ, ಹೆಂಡತಿ ಹಾಲು ಉಕ್ಕಿತು ಅಂದರೂ ಹೋಗಿ ಒಲೆ ನೋಡುವ ಮನುಷ್ಯ. ಅವರಿಗೆ ಎರಡೇ ಸೀಟಿನ, ಹಿಂಭಾಗ ದೋಣಿಯ ಹಾಗೆ ಇಳಿಜಾರಾದ ಕಾರು ಬೇಕಿತ್ತು. ಅದನ್ನು ಬಡಿದವಳು ಜೆಸಿಂತ, ಇಡೀ ಗಾಡಿ. ಅಪ್ಪ ಸ್ಟೂಲಿನ ಮೇಲೆ ಕೂತು ಇಲ್ಲಿ ಎತ್ತು, ಅಲ್ಲಿ ಇಳಿಸು ಎಂದು ಹೇಳುತ್ತಿದ್ದರು. ಹಿಂದಿನ ಎಡ ಮಡ್‌ಗಾರ್ಡ್ ಮಾತ್ರ ಬಾಕಿ ಉಳಿದಾಗ, ಇದೊಂದನ್ನು ನನಗೆ ಬಿಡು ಅಂದರು. ಅವಳು ಬಿಟ್ಟಳು.

ಒಂದು ಭಾನುವಾರ ಅವಳು ಇಗರ್ಜಿಗೆ ಹೋದಾಗ ಅವರು ಸುತ್ತಿಗೆ ಹಿಡಿದರು. ಹೊಡೆತ ಗುರಿಯಿಟ್ಟಲ್ಲಿ ಬೀಳಲಿಲ್ಲ. ತಗಡು ಒಂದು ಕಡೆ ಉಬ್ಬಿತು, ಒಂದು ಕಡೆ ಕುಸಿಯಿತು. ಸರಿಮಾಡಲು ಹೋದಷ್ಟೂ ಕೆಟ್ಟಿತು. ಕೊನೆಗೆ ಸುತ್ತಿಗೆ ಕೆಳಗಿಟ್ಟು ಸ್ಕೂಟರಿನಲ್ಲಿ ಎಲ್ಲಿಗೋ ಹೋಗಿ ಬಂದರು. ಚೀಲದಲ್ಲಿ ಪುಟ್ಟಿಯ ಡಬ್ಬಿಯಿತ್ತು. ನನಗೆ ನಂಬಲಾಗಲಿಲ್ಲ. ಬೆರಳು ದಪ್ಪ ಬಳಿದರು, ಒಣಗಿದ ಮೇಲೆ ಉಜ್ಜಿದರು. ಆಮೇಲೆ, ಯಾಕೆಂದು ಇಂದಿಗೂ ನನಗೆ ತಿಳಿಯದು, ನನ್ನನ್ನು ತೆಗೆದು ಆ ಜಾಗಕ್ಕೆ ಹಿಡಿದು ಕೈ ಬಿಟ್ಟರು.

ನಾನು ಬಿದ್ದೆ. ಸಿಮೆಂಟಿನ ನೆಲಕ್ಕೆ ತಾಗಿ ಅಂಚು ಒಡೆಯಿತು. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ನನ್ನನ್ನು ಬಿಸ್ಕತ್ತಿನ ಡಬ್ಬಿಯೊಳಗೆ, ಹಳೆ ಸ್ಕ್ರೂಗಳ ಅಡಿಯಲ್ಲಿ ಬಚ್ಚಿಟ್ಟರು. ನಿಜ ಹೇಳಿದ್ದಕ್ಕೆ ಜೈಲು ಎಂದು ನಾನು ಮುನಿಸಿಕೊಂಡೆ. ಮಗಳು ಬಂದು ಪುಟ್ಟಿಯ ವಾಸನೆ ಹಿಡಿದಿರಬೇಕು, ಮೂರು ವರ್ಷ ಅದರಲ್ಲೇ ಇದ್ದವಳು. ಆದರೂ ಮರುದಿನ ಅದರ ಮೇಲೆ ಬಣ್ಣ ಹೊಡೆದಳು.

ಶೆಣೈಯವರು ಗಾಡಿ ಒಯ್ಯಲು ಬಂದ ದಿನ ನಾನು ಡಬ್ಬಿಯೊಳಗಿಂದಲೇ ಕೇಳಿಸಿಕೊಂಡೆ. ಅಯಸ್ಕಾಂತ ಎಲ್ಲಿ ಎಂದು ಅವರು ಕೇಳಿದರು. ಎಲ್ಲೋ ಕಳೆದುಹೋಯಿತು ಎಂದು ಪೊರ್ಬುಗಳು ಹೇಳಿದರು. ಕೀಲಿಯನ್ನು ಕೊಟ್ಟವಳು ಜೆಸಿಂತ. ಪೊರ್ಬುಗಳ ಕೈ ಜೇಬಿನಿಂದ ಹೊರಗೆ ಬಂದಿರಲಿಕ್ಕಿಲ್ಲ. ಶೆಣೈಯವರು ಗಾಡಿ ಓಡಿಸಿಕೊಂಡು ಹೋದರು. ಆರು ತಿಂಗಳಿಗೆ ಪೊರ್ಬುಗಳು ತೀರಿಕೊಂಡರು. ಷೆಡ್ಡು ಗುಡಿಸುವಾಗ ಜೆಸಿಂತ ನನ್ನನ್ನು ಕಂಡಳು. ಒಡೆದ ಅಂಚನ್ನು ಹೆಬ್ಬೆರಳಿನಿಂದ ಸವರಿ, ಅತ್ತು, ಮತ್ತೆ ಅದೇ ಮೊಳೆಗೆ ತೂಗುಹಾಕಿದಳು.

ಪೊರ್ಬುಗಳು ತೀರಿಕೊಂಡು ತಿಂಗಳಾದಾಗ ಇಗರ್ಜಿಯಲ್ಲಿ ನಡೆದ ತಿಂಗಳ ಪೂಜೆ ಮುಗಿಸಿ ಹಳೆ ಗಾಡಿಗಳ ಸಂಘದವರೆಲ್ಲ ಷೆಡ್ಡಿಗೆ ಬಂದರು. ಪೊರ್ಬುಗಳು ಮಾಡಿದ ಹದಿನಾಲ್ಕು ಕಾರುಗಳು ಸಾಲಾಗಿ ನಿಂತವು. ಒಬ್ಬೊಬ್ಬರೂ ನೆನಪು ಹೇಳಿದರು. ನನಗಾಗಿ ಊಟ ಬಿಟ್ಟು ಕೆಲಸ ಮಾಡಿದರು ಎಂದು ಒಬ್ಬರು, ಅವರ ಆಪ್ತಮಿತ್ರ ನಾನೇ ಎಂದು ಮೂವರು. ನಾನು ಎಲ್ಲದರಲ್ಲೂ ಅರ್ಧ ಕಳೆದೇ ಕೇಳಿಸಿಕೊಂಡೆ. ಹೊಗಳಿಕೆಯ ನಡುವೆ ಇನ್ನೊಂದು ಪಿಸುಮಾತು ಓಡುತ್ತಿತ್ತು: ಕೊನೆಯ ಗಾಡಿಗಳನ್ನು ಮಾಡಿದ್ದು ಯಾರು? ಹಲ್ಲಿನ ಡಾಕ್ಟರ್ ಹಫೀಜರ ಜೀಪು ಕಳಚಿದ ಮೈಯಲ್ಲಿ ಮೂಲೆಯಲ್ಲಿತ್ತು. ಅದನ್ನು ಜೆಸಿಂತಳ ಕೈಗೆ ಬಿಡುವುದೋ, ಕೊಯಮತ್ತೂರಿನ ಬೇರೊಂದು ಗ್ಯಾರೇಜಿಗೆ ಸಾಗಿಸುವುದೋ ಎಂದು ಅವತ್ತೇ ತೀರ್ಮಾನವಾಗಬೇಕಿತ್ತು. ಡಾಕ್ಟರು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಅವರು ಒಯ್ದರೆ ಷೆಡ್ಡಿಗೆ ಬೀಗ. ಇದು ಅವಳಿಗೂ ಗೊತ್ತಿತ್ತು. ಎಲ್ಲರಿಗೂ ಚಹಾ ಕೊಡುತ್ತಾ ಜೀಪಿನ ಕಡೆಗೇ ನೋಡುತ್ತಿದ್ದಳು.

ಶೆಣೈಯವರ ಕಣ್ಣು ಬಾಗಿಲ ಬಳಿಯ ಮೊಳೆಗೆ ಬಿತ್ತು. ಕಳೆದುಹೋದದ್ದು ಸಿಕ್ಕಿತಲ್ಲ ಎಂದರು. ನನ್ನನ್ನು ತೆಗೆದುಕೊಂಡು ತಮ್ಮ ಕಾರಿನ ಬಳಿ ಹೋದರು. ಬಾನೆಟ್ಟು, ಬಾಗಿಲು, ಬಲ ಮಡ್‌ಗಾರ್ಡು, ಎಲ್ಲೂ ನಾನು ಬಿಗಿಯಾಗಿ ಹಿಡಿದುಕೊಂಡೆ. ಎಡಕ್ಕೆ ಬಂದರು. ಆ ಒಂದು ಸಲ ನನಗೆ ಬೀಳುವುದು ಬೇಡವಾಗಿತ್ತು. ಆದರೆ ನನ್ನ ಇಷ್ಟ ಕೇಳುವವರು ಯಾರು? ಜಾರಿ ಅವರ ಚಪ್ಪಲಿಯ ಮೇಲೆ ಬಿದ್ದೆ.

ದಿನವಿಡೀ ಜನರ ಹಲ್ಲಿಗೆ ಸಿಮೆಂಟು ತುಂಬುವ ಡಾಕ್ಟರು, ಪುಟ್ಟಿ ಎಂಬ ಶಬ್ದ ಆಡುವಾಗ ಮುಖ ಕಿವುಚಿದರು. ಪೊರ್ಬುಗಳು ಇಂಥದ್ದು ಮಾಡುವವರಲ್ಲ, ಶೋರೂಮಿನ ಚಾಳಿ ಎಲ್ಲಿ ಹೋಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಜೆಸಿಂತ ಚಹಾದ ತಟ್ಟೆ ಕೆಳಗಿಟ್ಟಳು. ನಿಜ ಹೇಳಲು ಅವಳಿಗೆ ಎರಡೇ ಶಬ್ದ ಸಾಕಿತ್ತು.

"ಹೌದು, ಅದು ನಾನೇ ಹಾಕಿದ್ದು" ಅಂದಳು.

ಡಾಕ್ಟರು ಲಾರಿಗೆ ಫೋನು ಮಾಡಲು ಹೊರಗೆ ಹೋದರು. ಉಳಿದವರೂ ಅವರ ಹಿಂದೆ ಅಂಗಳಕ್ಕೆ ಇಳಿದರು. ಶೆಣೈಯವರು ಮಾತ್ರ ಹೋಗಲಿಲ್ಲ. ಈ ಸಂಘದವರೆಲ್ಲ ಗಾಡಿಯನ್ನು ಹೊರಗಿನಿಂದಲೇ ಪರೀಕ್ಷಿಸುವವರು. ಹೊಳೆಯುವ ಬಣ್ಣ ಬಿಟ್ಟು ಕೆಸರು ಮೆತ್ತಿದ ಒಳಗಡೆಗೆ ಕೈ ಹಾಕುವ ರೂಢಿ ಅವರಿಗಿಲ್ಲ. ಆದರೆ ತಪಾಸಣೆಯ ಮನುಷ್ಯನಿಗೆ ಹಳೆ ಅಭ್ಯಾಸ ಬಿಡುವುದೇ? ಮೊಣಕಾಲೂರಿ, ಅಂಗಿಯ ತೋಳು ಮಡಚಿ, ಬಲ ಮಡ್‌ಗಾರ್ಡಿನ ಒಳಗೆ ಕೈ ಆಡಿಸಿದರು. ಸುತ್ತಿಗೆಯ ಗುರುತುಗಳು ಹೆಣೆದ ಚಾಪೆಯ ಹಾಗೆ ಸಾಲಾಗಿದ್ದವು. ಬಾಗಿಲಿನ ಒಳಗೂ ಅದೇ ಸಾಲು. ಎಡಕ್ಕೆ ಬಂದರೆ ಒಂದು ಇಲ್ಲಿ, ಒಂದು ಅಲ್ಲಿ, ಒಂದರ ಮೇಲೊಂದು. ಅಲ್ಲೇ ಕೂತು ತಮ್ಮ ಅಂಗೈಯನ್ನು ನೋಡಿಕೊಂಡರು, ಪೊರ್ಬುಗಳ ಕೈಯಿಂದ ಕೀಲಿ ಬೀಳಬೇಕಾಗಿದ್ದ ಅಂಗೈಯನ್ನು.

"ಪೊರ್ಬುಗಳ ಕೈ ನಡುಗುತ್ತಿತ್ತಾ ಮಗಾ?"

ಪಕ್ಕದಲ್ಲಿ ನಿಂತಿದ್ದ ಜೆಸಿಂತಳ ಮುಖ ನೋಡಿದರೆ ಸಾಕಿತ್ತು.

"ಹಾಗಾದರೆ ಇದೊಂದು ಬಿಟ್ಟು ಈ ಗಾಡಿ ಇಡೀ ನಿನ್ನ ಕೆಲಸ. ಮತ್ತೆ ಎಂತಕ್ಕೆ ಹಾಗೆ ಹೇಳಿದ್ದು?"

"ನಲವತ್ತು ವರ್ಷ ಬೀಳದ್ದು ಅಂಕಲ್. ಪಪ್ಪನ ತಿಂಗಳ ಪೂಜೆಯ ದಿನವೇ ಬಿತ್ತು ಅಂತ ಆಗುವುದು ಬೇಡ."

ಶೆಣೈಯವರು ನೆಲದಿಂದ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದರು. ಈಗ ಈ ಮನುಷ್ಯ ಎಲ್ಲವನ್ನೂ ಹೊರಗೆ ಹಾಕುತ್ತಾನೆ ಎಂದು ನಾನು ಎಣಿಸಿದೆ. ಸುಳ್ಳು ಹಿಡಿಯುವುದರಲ್ಲಿ ಅವರೂ ನಾನೂ ಒಂದೇ ಬಳಗದವರು.

"ಲಾರಿ ಬೇಡ ಡಾಕ್ಟ್ರೇ" ಅಂದರು. "ಆ ಪುಟ್ಟಿ ಹಾಕಿಸಿದ್ದು ನಾನು. ಹೋದ ತಿಂಗಳು ರಿವರ್ಸ್ ತೆಗೆಯುವಾಗ ನಮ್ಮದೇ ಗೇಟಿನ ಕಂಬಕ್ಕೆ ತಾಗಿಸಿದೆ. ಅವಳು ಬಡಿದು ಕೊಡ್ತೇನೆ ಅಂದಳು. ಅವಸರಕ್ಕೆ ಮೆತ್ತಿಬಿಡು ಅಂತ ಹೇಳಿದ್ದು ನಾನೇ."

ಡಾಕ್ಟರು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಊರಿನ ಗಾಡಿಗಳಲ್ಲೆಲ್ಲ ಪುಟ್ಟಿ ಹುಡುಕಿದ ಶೆಣೈ ಪೊರ್ಬುಗಳ ಗಾಡಿಗೇ ಪುಟ್ಟಿ ಬಳಿಸಿದ! ಸಂಘದಲ್ಲಿ ಇದಕ್ಕಿಂತ ದೊಡ್ಡ ಮಾನಹಾನಿ ಇಲ್ಲ. ಇಂದಿಗೂ ಅವರನ್ನು ಕಂಡರೆ ಗೇಟಿನ ಕಂಬ ಹೇಗಿದೆ ಎಂದು ಕೇಳುತ್ತಾರೆ. ಅವರು ತಲೆ ತಗ್ಗಿಸಿ ನಗುತ್ತಾರೆ. ಜೀಪು ಅಲ್ಲೇ ಉಳಿಯಿತು. ಉಳಿದವರ ಗಾಡಿಗಳೂ ಒಂದೊಂದಾಗಿ ಬಂದವು.

ಮಡ್‌ಗಾರ್ಡನ್ನು ಬಡಿದು ಸರಿಮಾಡಿಕೊಡುತ್ತೇನೆ ಎಂದು ಜೆಸಿಂತ ಹೇಳಿದಳು. ಶೆಣೈಯವರು ಒಪ್ಪಲಿಲ್ಲ, ಬದಲಿಗೆ ನನ್ನನ್ನು ಕೇಳಿ ಪಡೆದುಕೊಂಡರು. ಅವಳು ಇನ್ನೊಂದು ಹಳೆ ಸ್ಪೀಕರ್ ಬಿಚ್ಚಿ ಹೊಸಬನೊಬ್ಬನನ್ನು ಮೊಳೆಗೆ ತೂಗುಹಾಕಿದಳು. ಜೀಪಿನಲ್ಲಿ ಅವನು ಎಲ್ಲೂ ಬೀಳಲಿಲ್ಲವಂತೆ. ಕೀಲಿಯನ್ನು ಅವಳೇ ಡಾಕ್ಟರ ಅಂಗೈಯಲ್ಲಿಟ್ಟು ಬೆರಳು ಮಡಚಿದಳಂತೆ.

ನನಗೀಗ ವಯಸ್ಸಾಯಿತು, ಹಿಡಿತ ಕಡಿಮೆಯಾಗಿದೆ. ಮೈಮೇಲಿನ ಅಂಗಿಯೂ ಇಲ್ಲ. ಶೆಣೈಯವರು ಅದನ್ನು ಬಿಚ್ಚಿ, ಎಡ ಮಡ್‌ಗಾರ್ಡಿನ ಅಡಿಗೆ ಕೈ ಹಾಕಿ, ಆ ಜಾಗದಲ್ಲೇ ಒಳಗಿನಿಂದ ನನ್ನನ್ನು ಇಟ್ಟಿದ್ದಾರೆ. ಪುಟ್ಟಿ ಇರುವುದು ಹೊರಗಡೆ. ಒಳಗೆ ಬರೀ ತಗಡು, ಅದರ ಮೇಲೆ ಒಬ್ಬ ಮನುಷ್ಯ ನಡುಗುವ ಕೈಯಲ್ಲಿ ಹೊಡೆದ ಪೆಟ್ಟುಗಳು. ಅವು ನನ್ನ ಬರಿಮೈಗೆ ಒಂದೊಂದಾಗಿ ತಾಗುತ್ತವೆ. ಜೀವಮಾನವೆಲ್ಲ ಹೊರಗಿನಿಂದಲೇ ತೀರ್ಪು ಕೊಟ್ಟವನು ನಾನು. ಯಾರಾದರೂ ಗಾಡಿ ಪರೀಕ್ಷಿಸಲು ಬಂದರೆ ಶೆಣೈಯವರು ಈ ಮಡ್‌ಗಾರ್ಡಿನ ಮೇಲೆ ತಮ್ಮ ಅಂಗೈ ಊರಿ ನಿಲ್ಲುತ್ತಾರೆ. ಆ ಕೈಯ ಬಿಸಿ ಪುಟ್ಟಿಯನ್ನು ದಾಟಿ ನನ್ನವರೆಗೆ ಬರುವುದಿಲ್ಲ. ಆದರೂ ಅದು ಮೇಲೆ ಇದೆ ಎಂದು ನಾನು ನಂಬುತ್ತೇನೆ, ಪರೀಕ್ಷಿಸದೆಯೇ.