ಎರಡನೆಯ ಸದ್ದು

ಬಂದರಿನ ಬಾಯಿಯಲ್ಲಿ, ಗುಡ್ಡದ ಹೊಟ್ಟೆ ಕೊರೆದು ಮಾಡಿದ ಒಂದು ಕೋಣೆ. ಒಳಗೆ ಮೂರು ಕುರ್ಚಿ, ಒಂದು ಮೇಜು, ಒಂದೇ ಒಂದು ಹೆಡ್‌ಫೋನು. ಅದರ ತಂತಿ ಸಮುದ್ರದ ತಳಕ್ಕಿಳಿದು, ಅಲ್ಲಿ ಹುದುಗಿಸಿಟ್ಟ ಮೈಕುಗಳನ್ನು ಸೇರುತ್ತಿತ್ತು. ಮೈಕುಗಳ ಪಕ್ಕದಲ್ಲೇ ಸಿಡಿಗುಂಡುಗಳ ಸಾಲು. ಅವುಗಳ ಸ್ವಿಚ್ಚು ಆ ಕೋಣೆಯ ಅಧಿಕಾರಿ ಸಾಹೇಬರ ಕೈಕೆಳಗೆ. ಒಂದು ಸಬ್‌ಮರೀನ್ ಕಟ್ಟಲು ಎಷ್ಟು ಜನ ಎಷ್ಟು ಕಾಲ ಬೆವರು ಸುರಿಸಬೇಕೋ ಏನೋ, ಮುಗಿಸಲು ಒಂದು ಬೆರಳು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ಸದ್ದನ್ನು ಮೊದಲು ಒಬ್ಬರು ಕೇಳಬೇಕು, ಆಮೇಲೆ ಇನ್ನೊಬ್ಬರು. ಕೇಳಿದ್ದು ಏನೆಂದು ಮೊದಲನೆಯವರು ತುಟಿ ಬಿಚ್ಚುವಂತಿಲ್ಲ. ಒಬ್ಬರ ತಪ್ಪು ಇನ್ನೊಬ್ಬರ ಕಿವಿಗೆ ಅಂಟಿಕೊಳ್ಳುತ್ತದಂತೆ. ಹಾಗಾಗಿಯೇ ಒಂದೇ ಮನೆಯವರನ್ನು ಜೊತೆಗೆ ಕೂರಿಸುತ್ತಿರಲಿಲ್ಲ. ಆದರೆ ಅವತ್ತು ಪಾಳಿಯವನೊಬ್ಬ ಕಿವಿ ಸೋರಿ ಮಲಗಿದ್ದ. ಯುದ್ಧದ ಕಾಲದಲ್ಲಿ ಬೇರೆ ಕಿವಿ ಎಲ್ಲಿಂದ ತರುವುದು? ಸದ್ದು ಕೇಳಲು ಮಾವ, ಸೊಸೆ ಇಬ್ಬರೇ ಕೂತರು. ಮಾವ ಬಂದರಿನ ದೋಣಿಗಳಲ್ಲಿ ಇಂಜಿನ್ ನೋಡಿಕೊಂಡು ತಲೆ ನೆರೆಸಿದವರು. ಅವರ ಮಗ, ಎಂದರೆ ಇವಳ ಗಂಡ, ನಮ್ಮ ಕಡೆಯ ಸಬ್‌ಮರೀನಿನಲ್ಲಿ ಮೆಕ್ಯಾನಿಕ್ಕು. ಅದು ಬರಬೇಕಾದ ದಿನ ಕಳೆದುಹೋಗಿತ್ತು. ರೇಡಿಯೋದಲ್ಲಿ ಸುದ್ದಿಯೂ ಇರಲಿಲ್ಲ. ಮನೆಯಲ್ಲಿ ಇಬ್ಬರೂ ಆ ಮಾತೆತ್ತದೆ ಊಟ ಮುಗಿಸಿ ಏಳುತ್ತಿದ್ದರು.

ಅವತ್ತು ಮಧ್ಯಾಹ್ನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗುಡ್ಡದ ಮೇಲಿನ ಕಾವಲಿನವನಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ. ಹೆಡ್‌ಫೋನು ಸೊಸೆಯ ಕಿವಿಯಲ್ಲಿತ್ತು. ದೂರದಲ್ಲಿ ಏನೋ ತಿರುಗುವ ಸದ್ದು. ಎರಡು ಏಟು ಸಮ, ಮೂರನೆಯದು ಕುಂಟು. ಅವಳ ಎದೆ ಧಸಕ್ಕೆಂದಿತು. "ನಮ್ಮ ಪ್ರೊಪೆಲ್ಲರಿನ ಒಂದು ಎಲೆ ಮುಕ್ಕಾಗಿದೆ ಕಣೇ, ಕುಂಟ್ಕೊಂಡೇ ಹೋಗ್ಬೇಕು" ಎಂದು ಗಂಡ ಹೊರಡುವ ಮುನ್ನ ಗೊಣಗಿದ್ದ.

ಅಷ್ಟು ಸಿಕ್ಕಿದ್ದೇ ತಡ, ಅವಳು ಮುಂದೆ ಕೇಳಲೇ ಇಲ್ಲ. ಯಾಕೆ ಕೇಳುತ್ತಾಳೆ ಹೇಳಿ! ನಿಯಮವನ್ನು ಗಾಳಿಗೆ ತೂರಿ, ಹೆಡ್‌ಫೋನು ಕಿತ್ತು ಮಾವನ ಕೈಗಿಟ್ಟಳು. "ಮಾವ, ಅವರೇ! ಬಂದ್ರು!"

"ಬಾಯಿ ಮುಚ್ಚಮ್ಮಾ!" ಸಾಹೇಬರು ಗದರಿದರು.

ಮಾವ ಕಣ್ಣು ಮುಚ್ಚಿ ಕೇಳಿದರು. ಹೂಂ ಎಂದುಬಿಟ್ಟಿದ್ದರೆ ಸಾಹೇಬರು ಫೋನ್ ಎತ್ತಿ, ಸಿಡಿಗುಂಡುಗಳ ಸಾಲಿಗಿಂತ ಒಳಗೆ ಬಂದರಿಗೆ ಅಡ್ಡ ಕಟ್ಟಿದ್ದ ಉಕ್ಕಿನ ಬಲೆ ಸರಿಸಲು ಹೇಳುತ್ತಿದ್ದರು. ಮುದುಕರು ಹೂಂ ಅನ್ನಲಿಲ್ಲ. ಇನ್ನೂ ಕೇಳಿದರು.

"ನಮ್ಮೋನೇ ಸಾರ್. ಆದ್ರೆ ಒಬ್ನೇ ಅಲ್ಲ. ಅವನ ಸದ್ದಿನ ಹಿಂದೆ ಇನ್ನೊಂದು ಸದ್ದಿದೆ, ತೀರಾ ಮೆತ್ತಗೆ. ಬಾಲಕ್ಕೆ ಅಂಟ್ಕೊಂಡು ಬರ್ತಿದ್ದಾನೆ ಪಾಪಿ. ಬಲೆ ತೆಗೆದ್ರೆ ಅವನೂ ಒಳಗೆ ಬರ್ತಾನೆ."

ಬಂದರಿನೊಳಗೆ ಸೈನಿಕರನ್ನು ತುಂಬಿಕೊಂಡ ಹಡಗುಗಳು ನಿಂತಿದ್ದವು. ಸಾಹೇಬರ ಮುಖ ಬಿಳಿಚಿತು. "ಹಾಗಾದ್ರೆ ಇಬ್ಬರನ್ನೂ..." ಎಂದು ಸ್ವಿಚ್ಚಿನ ಕಡೆ ಕೈ ಚಾಚಿದರು.

"ಬೇಡ ಸಾರ್!" ಸೊಸೆ ಅಡ್ಡ ಬಂದಳು. "ನಮ್ಮೋರು ಮುಂದಿದ್ದಾರೆ. ಗುಂಡುಗಳ ಮೇಲೆ ಬಂದಾಗ ಸದ್ದು ಏರುತ್ತೆ, ದಾಟಿದ್ಮೇಲೆ ಇಳಿಯುತ್ತೆ. ಅದು ಇಳಿದು ಇನ್ನೊಂದು ಏರಿದಾಗ ಕೈ ಬೀಸ್ತೀನಿ. ಆಗ ಒತ್ತಿ."

"ಕೇಳಿದ್ದು ಸಾಕು ಅಂತ ಆಗ್ಲೇ ಹೆಡ್‌ಫೋನ್ ಕಿತ್ತಿಟ್ಟವಳು ನೀನೇ ತಾನೆ?"

ಮಾತು ಚುಚ್ಚಿತು. ಸುಳ್ಳಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. "ಹೌದು ಸಾರ್, ತಪ್ಪು ನಂದೇ" ಎಂದಳು. ಮಾವ ಹೆಡ್‌ಫೋನು ಅವಳಿಗೇ ಕೊಟ್ಟರು. "ನನ್ ಕೈ ನಡುಗ್ತಿದೆ ಮಗಳೇ. ಬೀಸೋಕಾಗಲ್ಲ. ನೀನೇ ಕೇಳು."

ಸಾಹೇಬರು ಸ್ವಿಚ್ಚಿನ ಮೇಲೆ ಬೆರಳಿಟ್ಟರು. "ಆಯ್ತು. ಆದ್ರೆ ಒತ್ತೋಕೆ ಮೊದಲು ಹೆಡ್‌ಫೋನ್ ತೆಗೀಬೇಕು. ಇಲ್ದಿದ್ರೆ ಕಿವಿ ಹೋಗುತ್ತೆ."

"ತೆಗೆದ್ರೆ ಗೊತ್ತಾಗೋದು ಹೇಗೆ ಸಾರ್? ನನ್ನ ನೋಡ್ಬೇಡಿ. ಕೈ ನೋಡಿ."

ಈಗ ಅವಳು ಮೈಯೆಲ್ಲ ಕಿವಿಯಾಗಿ ಕೂತಳು. ಕುಂಟು ಸದ್ದು ಏರಿತು, ಏರಿತು, ತಲೆಯೊಳಗೇ ತಿರುಗುವಷ್ಟು ಏರಿತು. ಅದರ ಅಡಿಯಲ್ಲಿ ಆ ಮೆತ್ತನೆಯ ಸದ್ದೂ ಈಗ ಸಿಕ್ಕಿತು, ಹೊಗೆಯ ಹಿಂದಿನ ಬೆಂಕಿಯ ಹಾಗೆ. ಮೊದಲನೆಯದು ಇಳಿಯತೊಡಗಿತು. ಬೀಸಲೇ? ಇನ್ನೂ ಇಲ್ಲ, ಗಂಡನ ಸಬ್‌ಮರೀನಿನ ಹಿಂದಿನ ಭಾಗ ಇನ್ನೂ ಗುಂಡುಗಳ ಮೇಲಿದೆ. ಇನ್ನೊಂದು ಉಸಿರು ತಡೆದಳು. ಎರಡನೆಯದು ಏರಿತು. ದೇವರೇ ಎಂದುಕೊಂಡಳು, ಕೈ ಬೀಸಿದಳು.

ತಲೆಯೊಳಗೆ ಗುಡ್ಡವೇ ಬಿರಿದಂತಾಯಿತು. ಕಣ್ಣು ಬಿಟ್ಟಾಗ ಅವಳು ನೆಲದ ಮೇಲಿದ್ದಳು, ಕತ್ತಿನವರೆಗೂ ರಕ್ತ ಇಳಿದಿತ್ತು. ಮಾವ ಹೆಡ್‌ಫೋನು ಹಾಕಿಕೊಂಡು, ಒಡೆಯದೆ ಉಳಿದ ಮೈಕುಗಳಲ್ಲಿ ಕುಂಟು ಸದ್ದು ಹುಡುಕುತ್ತಾ ಬಗ್ಗಿ ಕೂತಿದ್ದರು. "ಇದ್ದಾರಾ ಮಾವ? ಹೇಳಿ!" ಎಂದು ಕಿರುಚಿದಳು. ತನ್ನ ಕಿರುಚಾಟ ತನಗೇ ಕೇಳಿಸಲಿಲ್ಲ. ಮಾವ ಸಾಹೇಬರ ಕಡೆ ತಿರುಗಿ ಏನೋ ಹೇಳಿದರು. ಸಾಹೇಬರು ಫೋನ್ ಎತ್ತಿದರು. ಆ ಫೋನಿನಿಂದ ಆಗುವ ಕೆಲಸ ಒಂದೇ, ಬಲೆ ತೆಗೆಸುವುದು. ಅವಳು ಗೋಡೆಗೊರಗಿ ಅತ್ತಳು.

ಸಂಜೆ ಬಂದರಿನ ಕಟ್ಟೆಯ ಮೇಲೆ ಗಡ್ಡ ಬಿಟ್ಟ ಗಂಡ ಇಳಿದು ಬಂದ. ಎಣ್ಣೆ ಮೆತ್ತಿದ ಕೈಯಲ್ಲೇ ಅವಳ ಭುಜ ಹಿಡಿದು ಒಂದೇ ಸಮನೆ ಮಾತಾಡಿದ. ನಕ್ಕ, ಏನೋ ಕೇಳಿದ, ಉತ್ತರ ಬಾರದಿದ್ದಾಗ ಅಪ್ಪನ ಮುಖ ನೋಡಿದ. ಮುದುಕರು ತಲೆ ತಗ್ಗಿಸಿ ಏನೋ ಹೇಳಿದರು. ಗಂಡನ ಬಾಯಿ ಅರ್ಧಕ್ಕೇ ನಿಂತುಹೋಯಿತು.

ಸೊಸೆ ಅವನ ತುಟಿಯನ್ನೇ ನೋಡುತ್ತಿದ್ದಳು. "ಯಾಕ್ರೀ ನಿಲ್ಸಿದ್ರಿ?" ಎಂದಳು. ದನಿ ಎಷ್ಟು ಜೋರಾಯಿತೋ ಅವಳಿಗೆ ಗೊತ್ತಾಗಲಿಲ್ಲ, ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. "ನಂಗೆ ಕೇಳಿಸಲ್ಲ ಅಷ್ಟೇ. ನೀವು ಮಾತಾಡ್ತಾನೇ ಇರಿ."